ಹೊರಮಾವಿಗಿಂತ ಚಿಕ್ಕ ರಾಜಧಾನಿ

2011ರ ಜನಗಣತಿಯಲ್ಲಿ ನಮ್ಮ ಹೊರಮಾವು ವಾರ್ಡಿನ ಜನಸಂಖ್ಯೆ 95 ಸಾವಿರ ದಾಟಿತ್ತು. ಅದೇ ಗಣತಿಯಲ್ಲಿ ಗೋವಾದ ರಾಜಧಾನಿ ಪಣಜಿ ನಗರದಲ್ಲಿದ್ದವರು ಸುಮಾರು 40 ಸಾವಿರ. ಬೆಂಗಳೂರಿನ ಆಗಿನ 198 ವಾರ್ಡುಗಳ ಪೈಕಿ ಒಂದೇ ಒಂದು, ಎರಡು ಪಣಜಿಗಳನ್ನು ಒಳಗಿಟ್ಟುಕೊಂಡು ಇನ್ನೂ ಮಿಗುತ್ತಿತ್ತು! ಇಡೀ ಗೋವಾ ರಾಜ್ಯವೇ ಹದಿನಾಲ್ಕೂವರೆ ಲಕ್ಷ. ಆಗಿನ ಬೆಂಗಳೂರು 84 ಲಕ್ಷ.

ಇಷ್ಟು ಪುಟ್ಟ ಊರು ಹೊರಗಿನವರಿಗೆ ಗೊತ್ತಿರುವುದು ಮಾಂಡವಿ ನದಿಯಲ್ಲಿ ಝಗಮಗಿಸುವ ಕ್ಯಾಸಿನೊ ಹಡಗುಗಳಿಂದ. 21 ತುಂಬದವರನ್ನು ಅಲ್ಲಿ ಒಳಗೆ ಬಿಡುವುದಿಲ್ಲ. 2020ರಿಂದ ಗೋವಾದ ನಿವಾಸಿಗಳಿಗೂ ಪ್ರವೇಶವಿಲ್ಲ. ಮಕ್ಕಳು, ಅಜ್ಜಿ ಎಲ್ಲರನ್ನೂ ಕರೆದುಕೊಂಡು ಎರಡು ದಿನಕ್ಕೆಂದು ಹೋಗುವ ಸಂಸಾರಕ್ಕೆ ಉಳಿಯುವುದು ಹಡಗುಗಳಾಚೆಯ ಪಣಜಿ. ನನ್ನನ್ನು ಕೇಳಿದರೆ, ಬೆರಗೆಲ್ಲ ಇರುವುದೇ ಅಲ್ಲಿ.

ಪಣಜಿಯಲ್ಲಿ ನದಿಗೆ ಮುಖ ಮಾಡಿ ಬಲಕ್ಕೆ, ರಿಬಂದರ್ ಕಡೆ ಹೊರಟರೆ ಉಪ್ಪಿನ ಗದ್ದೆ, ಕಾಂಡ್ಲಾ ಕಾಡಿನ ನಡುವೆ ಸುಮಾರು ಮೂರು ಕಿಲೋಮೀಟರ್ ಉದ್ದದ ಸೇತುವೆ ರಸ್ತೆ ಸಿಗುತ್ತದೆ. ಪೋರ್ಚುಗೀಸರು ಅದನ್ನು ಕಟ್ಟಿದ್ದು 1633-34ರಲ್ಲಿ. ಅದರ ಮೇಲೆ ಇವತ್ತಿಗೂ ಬಸ್ಸು ಓಡುತ್ತಿದೆ.

ಆ ದಾರಿ ಮುಟ್ಟಿಸುವುದು ಪೋರ್ಚುಗೀಸರ ಹಿಂದಿನ ರಾಜಧಾನಿ ಹಳೆ ಗೋವಾಕ್ಕೆ. 16ನೇ ಶತಮಾನದಲ್ಲಿ ಅಲ್ಲಿ ಎರಡು ಲಕ್ಷ ಜನ ಇದ್ದರೆಂದು ಅಂದಾಜು. ಆ ಸಂಖ್ಯೆಯ ತೂಕ ತಿಳಿಯಬೇಕೆಂದರೆ ಬೆಂಗಳೂರಿಗೇ ಬರಬೇಕು: 1891ರಲ್ಲಿ ಪೇಟೆ, ದಂಡು ಎರಡೂ ಕೂಡಿ ನಮ್ಮೂರಿನಲ್ಲಿದ್ದದ್ದು 1 ಲಕ್ಷ 80 ಸಾವಿರ. 1898ರ ಪ್ಲೇಗು ಬಡಿದ ಮೇಲೆ, 1901ರಲ್ಲಿ, ಅದೂ 1 ಲಕ್ಷ 60 ಸಾವಿರದ ಆಸುಪಾಸಿಗೆ ಇಳಿಯಿತು. ಬೆಂಗಳೂರು ಚೇತರಿಸಿಕೊಂಡಿತು. ಹಳೆ ಗೋವಾ ಚೇತರಿಸಿಕೊಳ್ಳಲಿಲ್ಲ. ಮಲೇರಿಯಾ, ಸಾಂಕ್ರಾಮಿಕಗಳು ಮತ್ತೆಮತ್ತೆ ಎರಗಿ, 1775ರ ಹೊತ್ತಿಗೆ ಅಲ್ಲಿ ಸುಮಾರು 1,500 ಜನ ಉಳಿದಿದ್ದರಂತೆ. ನೂರರಲ್ಲಿ ಒಬ್ಬರೂ ಇಲ್ಲ! 1843ರಲ್ಲಿ ರಾಜಧಾನಿಯ ಪಟ್ಟವೂ ಪಣಜಿಗೆ ಹೋಯಿತು.

ಜನ ಹೋದರು, ಕಟ್ಟಡಗಳು ನಿಂತವು. 1562ರಲ್ಲಿ ಶುರುವಾದ ಸೆ ಕೆಥೆಡ್ರಲ್ಲಿನ ಮುಖ್ಯ ಕಟ್ಟಡ ಮುಗಿದದ್ದು 1619ರಲ್ಲಿ. ಉದ್ದ 250 ಅಡಿ, ಅಗಲ 181 ಅಡಿ. ಹೊರಮಾವಿನ ಲೆಕ್ಕದಲ್ಲಿ 30-40ರ ಸೈಟುಗಳು 37 ಹಿಡಿಯುವಷ್ಟು ಜಾಗ, ಒಂದೇ ಸೂರಿನಡಿ. ಮುಂಭಾಗಕ್ಕಿದ್ದ ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಬಿತ್ತು, ಮತ್ತೆ ಕಟ್ಟಲಿಲ್ಲ. ಮಕ್ಕಳಿಗೆ ಹೆಜ್ಜೆ ಎಣಿಸುತ್ತಾ ಉದ್ದಕ್ಕೂ ನಡೆಯಲು ಹೇಳಿ. ಪುಸ್ತಕದ ಅಂಕಿ ಆಗ ಕಾಲಿಗೆ ತಿಳಿಯುತ್ತದೆ.

ಇನ್ನು ನೀರಿನ ವಿಷಯ. ಕ್ಯಾಸಿನೊ ಹಡಗುಗಳನ್ನು ತೇಲಿಸುತ್ತಿರುವ ಮಾಂಡವಿ ನಮ್ಮ ಮಹದಾಯಿಯೇ. ಹುಟ್ಟುವುದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ. ಹಳೆ ಗೋವಾದೆದುರು ಅದೇ ನದಿಯ ನಡುವಿನ ದಿವಾಡಿ ದ್ವೀಪದಲ್ಲಿ ಗೋವಾ ಕದಂಬರ ಕುಲದೈವ ಸಪ್ತಕೋಟೇಶ್ವರನ ಗುಡಿ ಇತ್ತು. ಏಳು ಕೋಟಿಯನ್ನು ಹೆಸರಲ್ಲೇ ಹೊತ್ತ ದೇವರು! ಪೋರ್ಚುಗೀಸರ ಕಾಲದಲ್ಲಿ ಗುಡಿ ನಾಶವಾಯಿತು. ದೇವರು ಹೊಳೆ ದಾಟಿ ನಾರ್ವೆ ಎಂಬ ಊರಿನಲ್ಲಿ ನೆಲೆಸಿದ. ಅಲ್ಲಿಯ ದೇಗುಲವನ್ನು 1668ರಲ್ಲಿ ಶಿವಾಜಿ ಜೀರ್ಣೋದ್ಧಾರ ಮಾಡಿಸಿದರು. ಕನ್ನಡದಲ್ಲಿ ಶಾಸನ ಬರೆಸಿದ ಆ ಕದಂಬರ ಹೆಸರು ಗೋವಾದ ಸರ್ಕಾರಿ ಬಸ್ಸಿನ ಮೈಮೇಲೆ ಈಗಲೂ ಇದೆ.

ದಿವಾಡಿಗೆ ಹಳೆ ಗೋವಾದ ದಡದಿಂದಲೇ ಫೆರಿ ಹೊರಡುತ್ತದೆ. ನಡೆದು ಹತ್ತುವವರಿಗೆ ಟಿಕೆಟ್ ಇಲ್ಲ.