ರೂಪ ತಿದ್ದುವ ಯಂತ್ರ ಮತ್ತು ಮುಕ್ತ ತಂತ್ರಾಂಶ

‘ಅಂಗಡಿ’ ಎಂಬ ಪದವನ್ನು ಸೊನ್ನೆಯಿಟ್ಟು ಬರೆಯಬಹುದು. ‘ಅಙ್ಗಡಿ’ ಎಂದು ವರ್ಗದ ಅನುನಾಸಿಕವನ್ನಿಟ್ಟೂ ಬರೆಯಬಹುದು. ಉಚ್ಚಾರಣೆ ಒಂದೇ, ಅರ್ಥವೂ ಒಂದೇ. ಆದರೂ ಒಂದೇ ಗ್ರಂಥದಲ್ಲಿ ಎರಡೂ ರೂಪಗಳು ಬೆರೆತರೆ ಓದುವ ಕಣ್ಣು ತೊಡರುತ್ತದೆ. ಗಣಕಕ್ಕೆ ಕೋಡ್ ಬರೆಯುವವರ ತೊಡಕೂ ಇಂಥದೇ. ಸಾಲಿನ ಆರಂಭದಲ್ಲಿ ಎಷ್ಟು ಅಂತರ ಬಿಡಬೇಕು, ಆವರಣ ಚಿಹ್ನೆಯನ್ನು ಅದೇ ಸಾಲಿನಲ್ಲಿಡಬೇಕೇ ಮುಂದಿನ ಸಾಲಿಗೆ ಇಳಿಸಬೇಕೇ ಎಂಬುವು ಬಹುತೇಕ ಭಾಷೆಗಳಲ್ಲಿ ಯಂತ್ರವು ಗಣನೆಗೇ ತೆಗೆದುಕೊಳ್ಳದ ಸಂಗತಿಗಳು. (ಪೈಥಾನ್‌ನಂಥ ಕೆಲವು ಭಾಷೆಗಳಲ್ಲಿ ಮಾತ್ರ ಆರಂಭದ ಅಂತರಕ್ಕೂ ಅರ್ಥವುಂಟು.) ಜಗಳವೆಲ್ಲ ಮನುಷ್ಯರದು.

ಮುಕ್ತ ತಂತ್ರಾಂಶವೆಂದರೆ ಯಾರು ಬೇಕಾದರೂ ಓದಿ, ತಿದ್ದಿ, ತಿದ್ದುಪಡಿಯನ್ನು ಕಳುಹಿಸಬಹುದಾದ ತಂತ್ರಾಂಶ. ಪರಸ್ಪರ ಮುಖ ನೋಡದವರು ಅಲ್ಲಿ ಕೂಡಿ ಬರೆಯುತ್ತಾರೆ. ಆದ್ದರಿಂದ ರೂಪವನ್ನು ಏಕಪ್ರಕಾರವಾಗಿಸುವ ಯಂತ್ರಸಾಧನವನ್ನು ಎಲ್ಲರಿಗೂ ಕಡ್ಡಾಯ ಮಾಡಬೇಕೇ ಎಂಬ ಪ್ರಶ್ನೆ ಹುಟ್ಟಿತು. 2009ರಲ್ಲಿ ಪ್ರಕಟವಾದ ಗೋ ಭಾಷೆಯು ‘ಗೋಫಮ್ಟ್’ ಎಂಬ ಸಾಧನವನ್ನು ಜೊತೆಗೇ ತಂದಿತು. ಶೈಲಿಯ ಆಯ್ಕೆಯನ್ನು ಅದು ಬರೆಯುವವನಿಗೆ ಬಿಡಲೇ ಇಲ್ಲ. ಚರ್ಚೆಗೆ ಎಡೆಯೂ ಉಳಿಯಲಿಲ್ಲ.

ಹಳೆಯ ಯೋಜನೆಗಳಿಗೆ ಇದು ಅಷ್ಟು ಸುಲಭವಲ್ಲ. ಪೈಥಾನ್‌ನಲ್ಲಿ ಬರೆದ ಜಾಂಗೋ ಎಂಬ ಜಾಲತಾಣ ನಿರ್ಮಾಣದ ಚೌಕಟ್ಟು 2022ರ ಫೆಬ್ರವರಿಯಲ್ಲಿ ತನ್ನ ಕೋಡನ್ನು ‘ಬ್ಲ್ಯಾಕ್’ ಎಂಬ ಸಾಧನದ ಮೂಲಕ ಹಾಯಿಸಿತು. ತಿದ್ದುವ ಮುನ್ನ ಮತ್ತು ತಿದ್ದಿದ ನಂತರ ಕೋಡಿನ ವಾಕ್ಯರಚನೆ ಒಂದೇ ಆಗಿದೆಯೇ ಎಂದು ಬ್ಲ್ಯಾಕ್ ತಾನೇ ಪರೀಕ್ಷಿಸಿಕೊಳ್ಳುವುದರಿಂದ ಅರ್ಥಹಾನಿಯ ಭಯ ಕಡಿಮೆ. ನಷ್ಟವಾಗುವುದು ಇತಿಹಾಸ. ಯಾವ ಸಾಲನ್ನು ಯಾರು, ಎಂದು ಬರೆದರೆಂಬುದನ್ನು ‘ಗಿಟ್’ ವ್ಯವಸ್ಥೆ ತೋರಿಸುತ್ತದೆ. ಯಂತ್ರ ಹಾಯಿಸಿದ ಮೇಲೆ ಸಾವಿರಾರು ಸಾಲುಗಳ ಮುಂದೆ ಹಾಯಿಸಿದವನ ಹೆಸರೇ ಕಾಣತೊಡಗುತ್ತದೆ. ಕವಿಯ ಹೆಸರಳಿದು ಲಿಪಿಕಾರನ ಹೆಸರು ಉಳಿದ ಓಲೆಗರಿಯಂತೆ! ಇಂಥ ತಿದ್ದುಪಡಿಯನ್ನು ಬದಿಗಿಟ್ಟು ಹಿಂದಿನ ಕರ್ತೃವನ್ನು ಹುಡುಕುವ ಸೌಲಭ್ಯವನ್ನು ಗಿಟ್ 2019ರಲ್ಲಿ ಒದಗಿಸಿತು. ಜಾಂಗೋ ಅದನ್ನು ಬಳಸಿಕೊಂಡಿತು.

ಲಿನಕ್ಸ್ ಕರ್ನೆಲ್‌ನ ದಾರಿ ಬೇರೆ. ಅದಕ್ಕೆ ಲಿಖಿತ ಶೈಲಿನಿಯಮವಿದೆ. ಅಂತರ ಎಂಟು ಅಕ್ಷರದಷ್ಟಿರಬೇಕೆಂಬ ವಿಧಿಯೂ ಇದೆ. ರೂಪ ತಿದ್ದುವ ಸಾಧನಕ್ಕೆ ಬೇಕಾದ ಸೂಚನೆಯ ಕಡತವನ್ನೂ ಒದಗಿಸಿದ್ದಾರೆ, ಆದರೆ ಅದು ನೆರವಿಗಾಗಿ ಮಾತ್ರ. ಸಂಖ್ಯೆಗಳ ಕೋಷ್ಟಕವನ್ನು ಒಬ್ಬರು ಓದಲೆಂದು ಕೈಯಾರೆ ಜೋಡಿಸಿದ್ದರೆ ಯಂತ್ರದ ಸಾಮಾನ್ಯ ನಿಯಮ ಅದನ್ನು ಕೆಡಿಸಬಹುದು. ಒಮ್ಮೆಗೇ ಎಲ್ಲವನ್ನೂ ತಿದ್ದಿದರೆ, ಸರದಿಯಲ್ಲಿ ಕಾದಿರುವ ಇತರರ ತಿದ್ದುಪಡಿಗಳು ಹೊಂದಿಕೊಳ್ಳದೆ ಹೋಗುತ್ತವೆ. ಆ ಗಾತ್ರದ ಯೋಜನೆಗೆ ಈ ಎಚ್ಚರ ಯುಕ್ತವೇ.

ಹೊಸ ಯೋಜನೆಯಾದರೆ ಮೊದಲ ದಿನದಿಂದಲೇ ಕಡ್ಡಾಯವಿರಲಿ ಎಂಬುದು ನನ್ನ ಅಭಿಮತ. ಆದರೆ ಆ ಹೊರೆ ಯಾರ ಮೇಲೆ? ಅನೇಕ ಕಡೆ ಪರೀಕ್ಷಕ ಯಂತ್ರವು ‘ರೂಪ ಸರಿಯಿಲ್ಲ’ ಎಂದಷ್ಟೇ ಹೇಳಿ ತಿದ್ದುಪಡಿಯನ್ನು ಹಿಂದಿರುಗಿಸುತ್ತದೆ. ಇಂಗ್ಲಿಷಿನ ದೋಷಸೂಚನೆಯನ್ನು ಬಿಡಿಸಿ ಓದುತ್ತ, ಮೊದಲ ಬಾರಿಗೆ ಒಂದೆರಡು ಸಾಲು ಕಳುಹಿಸಿದ ವಿದ್ಯಾರ್ಥಿ ಅಲ್ಲಿಗೇ ಕೈಚೆಲ್ಲಬಹುದು. ದೋಷವನ್ನು ಗುರುತಿಸಬಲ್ಲ ಯಂತ್ರ ಅದನ್ನು ತಿದ್ದಲೂ ಬಲ್ಲದು. ಸೇರಿಸಿಕೊಳ್ಳುವ ಹೊತ್ತಿಗೆ ಯೋಜನೆಯವರೇ ಅದನ್ನು ನಡೆಸಲಿ. ವಿಮರ್ಶಕರು ಆ ಬಿಡುವಿನಲ್ಲಿ ಹೆಸರುಗಳು ಅರ್ಥವತ್ತಾಗಿವೆಯೇ, ತರ್ಕ ನಿಲ್ಲುತ್ತದೆಯೇ ಎಂದು ನೋಡಬಹುದು. ಅದನ್ನು ಬ್ಲ್ಯಾಕ್ ಆಗಲಿ ಗೋಫಮ್ಟ್ ಆಗಲಿ ನೋಡುವುದಿಲ್ಲ.