ಬೆಳೆಸಿದವರ ಪಾಲು

ಹಾಲೆಂಡಿನ ಅಯಾಕ್ಸ್ ಕಾಲ್ಚೆಂಡು ಸಂಘವು ಬಾಲಕರನ್ನು ಎಳವೆಯಿಂದಲೇ ತರಬೇತುಗೊಳಿಸುವುದಕ್ಕೆ ಹೆಸರಾದುದು. 1995ರ ಮೇ ತಿಂಗಳಲ್ಲಿ ಅದು ವಿಯೆನ್ನದಲ್ಲಿ ಇಟಲಿಯ ಮಿಲಾನ್ ತಂಡವನ್ನು ಸೋಲಿಸಿ ಯೂರೋಪಿನ ಅಗ್ರಪದವಿಯನ್ನು ಪಡೆಯಿತು. ಪಂದ್ಯದ ಏಕೈಕ ಗೋಲನ್ನು ಹೊಡೆದವನು ಆ ಸಂಘದಲ್ಲಿಯೇ ಬೆಳೆದ 18 ವರ್ಷದ ಕ್ಲೈವರ್ಟ್.

ಅದೇ ಡಿಸೆಂಬರಿನಲ್ಲಿ ಯೂರೋಪಿನ ನ್ಯಾಯಾಲಯವು ಬೋಸ್ಮನ್ ಮೊಕದ್ದಮೆಯಲ್ಲಿ, ಕರಾರು ಮುಗಿದ ಆಟಗಾರನು ಒಕ್ಕೂಟದ ಬೇರೊಂದು ದೇಶಕ್ಕೆ ಹೋಗುವಾಗ ಹಳೆಯ ಸಂಘವು ಹಣ ಕೇಳಕೂಡದೆಂದು ತೀರ್ಪಿತ್ತಿತು. ಆಟಗಾರನು ಯಾರ ಸ್ವತ್ತೂ ಅಲ್ಲ. ತೀರ್ಪು ನ್ಯಾಯವಾದುದೇ ಸರಿ. ಆದರೆ 1996ರಲ್ಲಿ ಡೇವಿಡ್ಸ್, 1997ರಲ್ಲಿ ಕ್ಲೈವರ್ಟ್, ಸೋತ ಆ ಮಿಲಾನಿಗೇ ಹೊರಟುಹೋದಾಗ ಬೆಳೆಸಿದವರಿಗೆ ವರ್ಗಾವಣೆಯ ಬಿಡಿಗಾಸೂ ದಕ್ಕಲಿಲ್ಲ.

ಅಂದಿನಿಂದ ಇಂತಹ ಸಂಘಗಳಿಗೆ ಉಳಿದ ದಾರಿಯೆಂದರೆ ಕರಾರು ಮುಗಿಯುವ ಮುನ್ನವೇ ತರುಣರನ್ನು ಬಿಟ್ಟುಕೊಟ್ಟು ಹಣ ಪಡೆಯುವುದು. 2019ರಲ್ಲಿ ಅಯಾಕ್ಸ್ ಮತ್ತೆ ಯೂರೋಪಿನ ಉಪಾಂತ್ಯವನ್ನು ಮುಟ್ಟಿತು. ಅದೇ ವರ್ಷ 19 ವಯಸ್ಸಿನ ನಾಯಕ ಡಿ ಲಿಖ್ತನು ಸುಮಾರು 7.5 ಕೋಟಿ ಯೂರೋಗಳಿಗೆ ಇಟಲಿಯ ಯುವೆಂಟಸ್ ಸೇರಿದನು. ಬೊಕ್ಕಸ ತುಂಬಿತು, ತಂಡ ಚೆದುರಿತು.

ದೇಶಾಂತರ ವರ್ಗಾವಣೆಯ ಮೊಬಲಗಿನಲ್ಲಿ ನೂರಕ್ಕೆ 5ನ್ನು, 12ರಿಂದ 23ನೆಯ ವಯಸ್ಸಿನವರೆಗೆ ಆಟಗಾರನನ್ನು ತಿದ್ದಿದ ಸಂಘಗಳಿಗೆ ಹಂಚಬೇಕೆಂದು ಫೀಫಾ ಸಂಸ್ಥೆಯ ನಿಯಮವುಂಟು. ಮೊಬಲಗೇ ಇಲ್ಲದಲ್ಲಿ ಈ ಪಾಲೂ ಇಲ್ಲ. ಹಳ್ಳಿಯ ಬಯಲಿನಲ್ಲಿ ಹುಡುಗನಿಗೆ ಮೊದಲ ಪಾಠ ಹೇಳಿದ ಬಡಸಂಘಕ್ಕೆ ಇಷ್ಟು ಸಾಕೆ? ಆಟಗಾರನ ಸ್ವಾತಂತ್ರ್ಯಕ್ಕೆ ಕುಂದು ಬಾರದಂತೆ, ಕೊಳ್ಳುವ ಶ್ರೀಮಂತ ಸಂಘಗಳಿಂದಲೇ ಈ ಪಾಲನ್ನು ಹೆಚ್ಚಿಸಿ ಕೊಡಿಸುವುದು ಧರ್ಮವೆಂದು ನಾವು ಭಾವಿಸುತ್ತೇವೆ. ನೀರೆರೆದವರು ಉಪವಾಸವಿದ್ದರೆ ತೋಟವು ಬಹುಕಾಲ ಫಲಿಸಲಾರದು.