ಕಾಲಂ 11 ನೋಡಿದಿರಾ?

ಪಹಣಿ ತೆಗೆಸಿದಾಗೆಲ್ಲ ನಾನು ಮೊದಲು ನೋಡುವುದು ಕಾಲಂ 11. ಕಾರ್ಖಾನೆ ಊರಿಗೆ ಬರುವ ಎಷ್ಟೋ ಮೊದಲೇ ಕಾಗದದಲ್ಲಿ ಬಂದಿರುತ್ತದೆ. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಂತೆ 3(1)ರಲ್ಲಿ ಕೈಗಾರಿಕಾ ಪ್ರದೇಶವೆಂಬ ಘೋಷಣೆ, 28(1)ರಲ್ಲಿ ಸ್ವಾಧೀನದ ಪ್ರಾಥಮಿಕ ಅಧಿಸೂಚನೆ. ಅದು ಪಹಣಿಗೇರಿತೋ, ಬ್ಯಾಂಕಿನವರು ಸಾಲಕ್ಕೆ ಹಿಂದೇಟು ಹಾಕ್ತಾರೆ, ಕೊಳ್ಳುವವರೂ ಸುಳಿಯುವುದಿಲ್ಲ.

ನೋಟಿಸು ಕೈಸೇರಿದ ಮೇಲೆ ಆಕ್ಷೇಪಣೆಗೆ 30 ದಿನ. 'ಜಮೀನು ಕೊಡೆವು' ಎಂಬ ಒಂದೇ ಸಾಲು ಸಾಲದು. ಸರ್ವೆ ನಂಬರು, ಬೆಳೆ, ಕೊಳವೆಬಾವಿ, ಮರಗಳ ಲೆಕ್ಕ, ಅದನ್ನೇ ನಂಬಿದ ಮನೆಮಂದಿ ಎಲ್ಲ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ವಿಚಾರಣೆಗೆ ಖುದ್ದಾಗಿ ಹೋಗಿ. ಖಾತೆ ಇನ್ನೂ ತೀರಿಕೊಂಡ ಅಜ್ಜನ ಹೆಸರಲ್ಲೇ ಇದ್ದರೆ ನೋಟಿಸು ಯಾರಿಗೆ ಬರಬೇಕು ಹೇಳಿ! ಪೌತಿ ಖಾತೆ ಮೊದಲು ಮಾಡಿಸಿ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆ ಹೀಗೆ ಸಿಕ್ಕಿಕೊಂಡಿತ್ತು. ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿಯ ಸೀಮೆ ಅದು. ಅಲ್ಲಿಯ ರೈತರು 2022ರ ಏಪ್ರಿಲಿನಲ್ಲಿ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿದರು. ತಾವಾಗಿ ಕೊಡುವವರ ಜಮೀನು ಕೊಳ್ಳುತ್ತೇವೆ ಎಂಬ ಮಾತೂ ಜತೆಗಿತ್ತು. ನನಗೆ ದಿಗಿಲು ಅಲ್ಲೇ. ನಡುವಿನವನೊಬ್ಬ ಕೊಟ್ಟುಬಿಟ್ಟರೆ ಸುತ್ತಲಿನವರ ಗಾಡಿದಾರಿ, ನೀರಿನ ಪೈಪು ಏನಾದೀತು?